ಸಾಗೆನೆಯ ಕಂದು ನೀರು

ಕೆನಡಾದ ಸಾಗೆನೆ ಫ್ಯೋರ್ಡ್‌ನ, ಅಂದರೆ ಸಮುದ್ರ ಒಳನುಗ್ಗಿದ ಕಣಿವೆಯ, ನೀರು ನೀಲಿಯಲ್ಲ. ಫೋಟೋಗಳಲ್ಲಿ ನೀಲಿ ಕಾಣುವುದು ಆಕಾಶದ ಕೃಪೆ. ದಡಕ್ಕಿಳಿದು ಬೊಗಸೆಯಲ್ಲಿ ಎತ್ತಿಕೊಂಡರೆ ತೆಳು ಡಿಕಾಕ್ಷನ್ ಹಾಗೆ ಕಾಣುತ್ತದೆ. ಕೊಳಕೇನಲ್ಲ. ಉತ್ತರದ ಸ್ಪ್ರೂಸ್ ಕಾಡು, ಪಾಚಿ ತುಂಬಿದ ಜೌಗು ನೆಲ, ಬಿದ್ದು ಕೊಳೆತ ಎಲೆ, ತೊಗಟೆ. ಇವೆಲ್ಲದರ ನಡುವೆ ಹರಿದು ಬರುವ ನೀರಿಗೆ ಟ್ಯಾನಿನ್ ಎಂಬ ಒಗರು ಅಂಶ ಸೇರಿಕೊಂಡು ಈ ಬಣ್ಣ ಬರುತ್ತದೆ.

ಹೀಗಿರುವುದು ಮೇಲಿನ ಪದರ ಮಾತ್ರ. ಅದರ ಕೆಳಗಿರುವುದು ಸಮುದ್ರದ ಉಪ್ಪು ನೀರು. ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ, ಹಾಗಾಗಿ ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಮೇಲೆ ನದಿ ಸಮುದ್ರದ ಕಡೆ ಹೋಗುತ್ತಿರುತ್ತದೆ, ಉಬ್ಬರ ಬಂದಾಗ ಕೆಳಗಿನಿಂದ ಸಮುದ್ರ ಒಳಗೆ ನುಗ್ಗುತ್ತದೆ. ಕಂದು ಪದರ ಬಿಸಿಲನ್ನು ತಡೆಯುವುದರಿಂದ ಕೆಳಗೆ ಬೇಗ ಕತ್ತಲು. ಆರ್ಕ್ಟಿಕ್ ಕಡಲಿನ ಜೀವಿಗಳು ಆ ಕತ್ತಲಲ್ಲಿ, ಆ ಚಳಿಯಲ್ಲಿ ಆರಾಮಾಗಿ ಬದುಕುತ್ತವೆ.

ಹಿಮಯುಗದ ಹಿಮನದಿಗಳು ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫ್ಯೋರ್ಡ್. ಫ್ಯೋರ್ಡ್ ಅಂದರೆ ನಮಗೆಲ್ಲ ನಾರ್ವೆ ನೆನಪಾಗುತ್ತದೆ, ಅಲ್ವಾ? ಇದು ಇರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ. ಸುಮಾರು 100 ಕಿ.ಮೀ. ಉದ್ದ. ಆಳವಾದ ಕಡೆ 270 ಮೀಟರಿಗೂ ಜಾಸ್ತಿ. ಆದರೆ ಸೇಂಟ್ ಲಾರೆನ್ಸ್ ನದಿಗೆ ಸೇರುವ ಬಾಯಿಯ ಹತ್ತಿರ ನೀರಿನೊಳಗೆ ಒಂದು ಹೊಸ್ತಿಲಿದೆ. ಅಲ್ಲಿ ಆಳ ಬರೀ 20 ಮೀಟರ್ ಆಸುಪಾಸು. ಫ್ಯೋರ್ಡ್‌ನ ಮೇಲ್ತುದಿಯಿಂದ ಒಳನಾಡಿಗೆ ಹೋದರೆ ಒಂದು ದೊಡ್ಡ ಸರೋವರ, ಲಾಕ್ ಸಾಂ-ಜಾಂ. ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಸರೋವರದಿಂದ ಹೊರಟ ಸಾಗೆನೆ ನದಿಯೇ ಮುಂದೆ ಫ್ಯೋರ್ಡ್ ಆಗುವುದು. ಸುತ್ತಲೂ ಬೋರಿಯಲ್ ಕಾಡು, ಅಂದರೆ ಉತ್ತರದ ಚಳಿನಾಡಿನ ಕಾಡು, ಉತ್ತರಕ್ಕೆ ಮುಗಿಯದಷ್ಟು.

ನಾನಿರುವುದು ಮಾಂಟ್ರಿಯಲ್‌ನಲ್ಲಿ. ಆಗಸ್ಟ್‌ನಲ್ಲಿ ಅಪ್ಪಾಜಿ ಬೆಳಗಾವಿಯಿಂದ ಬಂದಿದ್ದರು. ನಯಾಗರಾ ತೋರಿಸಿ ಆಗಿತ್ತು. ಮುಂದೆಲ್ಲಿಗೆ ಅಂತ ನಾನೂ ನನ್ನ ಗಂಡನೂ ಯೋಚಿಸುತ್ತಿದ್ದಾಗ ಅಪ್ಪಾಜಿಯೇ, "ಆರ್ವಿಡಾ ಇಲ್ಲಿಂದ ಎಷ್ಟು ದೂರ ಆಗ್ತೈತಿ?" ಅಂತ ಕೇಳಿದರು.

ನನ್ನ ಮಾಂಟ್ರಿಯಲ್ ಗೆಳೆಯರಲ್ಲೇ ಆರ್ವಿಡಾ ಹೆಸರು ಗೊತ್ತಿರುವವರು ಕಡಿಮೆ. ಬೆಳಗಾವಿಯ ಮನುಷ್ಯನಿಗೆ ಗೊತ್ತಿರಲು ಕಾರಣ ಇಂಡಾಲ್. ಬೆಳಗಾವಿಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಉಳಿದವರಿಗೆ: ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಅಂದರೆ ಇಂಡಾಲ್, ಕೆನಡಾದ ಆಲ್ಕನ್ ಕಂಪನಿಯ ಕೂಸು. 1960ರ ದಶಕದ ಕೊನೆಗೆ ಬೆಳಗಾವಿಯಲ್ಲಿ ಕಾರ್ಖಾನೆ ಶುರುವಾಯಿತು. 2000ದಲ್ಲಿ ಆಲ್ಕನ್ ತನ್ನ ಪಾಲನ್ನು ಹಿಂಡಾಲ್ಕೊಗೆ ಮಾರಿತು. ಗೇಟಿನ ಬೋರ್ಡು ಬದಲಾದರೂ ಮಂದಿ ಬಾಯಲ್ಲಿ ಅದು ಇವತ್ತಿಗೂ ಇಂಡಾಲೇ. ಅಪ್ಪಾಜಿ ಅಲ್ಲಿ ಅಲ್ಯೂಮಿನಾ ಪ್ಲಾಂಟಿನಲ್ಲಿದ್ದರು. ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಬಿಳಿ ಪುಡಿ ಮಾಡುವ ಕೆಲಸ. ನಿವೃತ್ತಿಯಾಗಿ ಬಹಳ ಕಾಲವಾಯಿತು. ಆಗ ಆಲ್ಕನ್‌ನದಾಗಿದ್ದ ದೊಡ್ಡ ಕಾರ್ಖಾನೆ, ಆ ಕಂಪನಿಯೇ ಕಟ್ಟಿದ ಊರು, ಎರಡೂ ಇರುವುದು ಸಾಗೆನೆ ದಂಡೆಯಲ್ಲಿ.

ಹಾಗೆ ಹೊರಟೆವು. ನನಗೆ ತಿಮಿಂಗಿಲ ನೋಡುವ ಆಸೆ, ನನ್ನ ಗಂಡನಿಗೆ ಬಂಡೆ ಹತ್ತುವ ಆಸೆ, ಅಪ್ಪಾಜಿಗೆ ಫ್ಯಾಕ್ಟರಿ.

ಕ್ವಿಬೆಕ್ ನಗರ ದಾಟಿ 175ನೇ ಹೆದ್ದಾರಿ ಹಿಡಿದರೆ ಲೋರಾಂಟೀಡ್ಸ್ ಅರಣ್ಯ. ಸಾಗೆನೆ ದಂಡೆಯ ಶಿಕೂಟಿಮಿ ತನಕ ಊರು ಅಂತ ಹೇಳುವಂಥದ್ದು ಇಲ್ಲ. ಕಪ್ಪು ಸ್ಪ್ರೂಸ್, ಬಾಲ್ಸಮ್ ಫರ್, ಬಿಳಿ ಬರ್ಚ್. ಮತ್ತೆ ಕಪ್ಪು ಸ್ಪ್ರೂಸ್. ದಾರಿಯುದ್ದಕ್ಕೂ ಮೂಸ್ ಎಂಬ ದೈತ್ಯ ಜಿಂಕೆ ಅಡ್ಡ ಬಂದೀತು ಅನ್ನುವ ಎಚ್ಚರಿಕೆ ಫಲಕಗಳು, ಅದು ಬರದಂತೆ ಎತ್ತರದ ಬೇಲಿ. ಬೋರಿಯಲ್ ಕಾಡಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಪಶ್ಚಿಮ ಘಟ್ಟದ ಕಾಡು ನೋಡಿದ ಕಣ್ಣಿಗೆ ಇದು ಮೊದಲ ಅರ್ಧ ಗಂಟೆ ಬೆರಗು, ಆಮೇಲೆ ಸ್ವಲ್ಪ ಬೇಸರ. ಇಲ್ಲಿ ಮರದ ಜಾತಿಗಳೇ ಕಡಿಮೆ. ಬಳ್ಳಿ ಇಲ್ಲ, ಗದ್ದಲ ಇಲ್ಲ. ಸೆಖೆಯಂತೂ ಇಲ್ಲವೇ ಇಲ್ಲ. ಮರಗಳು ಸಣಕಲು. ಕೈಯಗಲದ ಕಾಂಡದ ಸ್ಪ್ರೂಸ್‌ಗೆ ನನ್ನ ಅಜ್ಜಿಗಿಂತ ಜಾಸ್ತಿ ವಯಸ್ಸಿರಬಹುದು. ಬೆಳೆಯಲು ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು.

ಅಪ್ಪಾಜಿ ಕಿಟಕಿಯಾಚೆ ನೋಡಿ ನೋಡಿ ಕೊನೆಗೆ ಕೇಳಿದರು: "ಚಂದ ಐತಿ ಖರೆ. ಇಲ್ಲಿ ಮಂದಿ ಹೊಟ್ಟಿಗೆ ಏನ್ ಮಾಡ್ತಾರ?"

ಉಳಿದ ದಾರಿಯೆಲ್ಲ ನಾನು ಈ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದೆ. ಟೂರಿಸ್ಟ್ ಪುಸ್ತಿಕೆಯ ಚಿತ್ರಗಳಲ್ಲಿ ಮನುಷ್ಯರೇ ಇರುವುದಿಲ್ಲ. ಇದ್ದರೂ ಕಯಾಕ್‌ನಲ್ಲಿ ಬೆನ್ನು ತೋರಿಸಿ ಕೂತಿರುತ್ತಾರೆ.

1838ರಲ್ಲಿ ಷಾರ್ಲೆವ್ವಾ ಕಡೆಯ 21 ಜನ ಸೇರಿ ಒಂದು ಕೂಟ ಮಾಡಿಕೊಂಡು, ಹಡಗಿನಲ್ಲಿ ಇಲ್ಲಿಗೆ ಬಂದು ಪೈನ್ ಮರ ಕಡಿಯಲು ನಿಂತರು. ಅಲ್ಲಿಂದ ಬಿಳಿಯರ ಊರುಗಳು ಶುರು. ಮರ, ಆಮೇಲೆ ಕಾಗದದ ತಿರುಳು, ಆಮೇಲೆ ಅಲ್ಯೂಮಿನಿಯಂ. ಅವರಿಗಿಂತ ಸಾವಿರಾರು ವರ್ಷ ಮುಂಚಿನಿಂದ ಇಲ್ಲಿದ್ದವರು ಇಲ್ನು ಜನ. ಸರೋವರಕ್ಕೆ ಅವರ ಹೆಸರು ಪೆಕುವಾಕಾಮಿ. ಇವತ್ತು ಅವರ ಊರು ಸರೋವರದ ಪಶ್ಚಿಮ ದಂಡೆಯ ಮಾಷ್ಟೆವಿಯಾಚ್.

ಆರ್ವಿಡಾಗೆ ಬಂದಾಗ ಮಧ್ಯಾಹ್ನ. ಈಗ ಅದು ಸಾಗೆನೆ ನಗರದ ಜಾಂಕಿಯೇರ್ ಭಾಗಕ್ಕೆ ಸೇರಿದೆ. ಆರ್ಥರ್ ವೈನಿಂಗ್ ಡೇವಿಸ್ ಅಂತ ಕಂಪನಿಯ ಅಧ್ಯಕ್ಷರಿದ್ದರು. ಅವರ ಹೆಸರಿನ ಮೂರು ತುಂಡು ಜೋಡಿಸಿ ಊರಿಗಿಟ್ಟರು. 1926ರಲ್ಲಿ 135 ದಿನದಲ್ಲಿ 270 ಮನೆ ಕಟ್ಟಿದರಂತೆ. ನೋಡಿದರೆ ಅವಸರದ ಕೆಲಸ ಅಂತ ಅನಿಸುವುದಿಲ್ಲ. ಬಾಗಿದ ರಸ್ತೆಗಳು, ಒಂದರ ಹಾಗೆ ಇನ್ನೊಂದು ಇರದ ಮನೆಗಳು, ಪ್ರತಿ ಮನೆಗೂ ಹಿತ್ತಲು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷಗಳ ವಿಮಾನಗಳಿಗೆ ಬೇಕಾದ ಅಲ್ಯೂಮಿನಿಯಂನ ದೊಡ್ಡ ಪಾಲು ಹೋಗಿದ್ದು ಇಲ್ಲಿಂದ. ಆಗ ಊರಿನ ಕಾವಲಿಗೆ ವಿಮಾನ ಹೊಡೆಯುವ ತೋಪುಗಳನ್ನು ಇಟ್ಟಿದ್ದರು.

ಅಪ್ಪಾಜಿ ಪ್ರತಿ ಬೀದಿಯಲ್ಲೂ ನಿಧಾನಕ್ಕೆ ನಡೆದರು. ಇದು ಆಫೀಸರ್ ಮನೆ, ಇದು ಫೋರ್‌ಮನ್ ಮನೆ ಅಂತ ಅವರೇ ವಿಂಗಡಿಸುತ್ತಿದ್ದರು. ಯಾರೂ ಹೇಳಿಕೊಡಲಿಲ್ಲ. ಕಾಲೋನಿಯಲ್ಲಿ ಸಂಸಾರ ಮಾಡಿದವರಿಗೆ ಇದೆಲ್ಲ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಮಜಾ ಏನೆಂದರೆ ಕ್ವಿಬೆಕ್‌ನಲ್ಲಿ ಬಾಕ್ಸೈಟ್ ಸಿಗುವುದಿಲ್ಲ. ಒಂದು ಗಾಡಿಯಷ್ಟೂ ಇಲ್ಲ. ಆಗ ಬ್ರಿಟಿಷ್ ಗಯಾನಾದಿಂದ ಹಡಗಿನಲ್ಲಿ ಅದಿರು ತಂದು, ಫ್ಯೋರ್ಡ್‌ನ ಒಂದು ಕೊಲ್ಲಿಯಲ್ಲಿ ಇಳಿಸಿ, ರೈಲಿನಲ್ಲಿ ಇಲ್ಲಿಗೆ ಸಾಗಿಸುತ್ತಿದ್ದರು. ಹಾಗಾದರೆ ಕಾರ್ಖಾನೆ ಇಲ್ಲೇಕೆ? ಕರೆಂಟಿಗಾಗಿ. ಒಂದು ಕಿಲೋ ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಹದಿಮೂರು-ಹದಿನಾಲ್ಕು ಯೂನಿಟ್ ಕರೆಂಟು ಬೇಕು. ಅದಿರನ್ನು ಹಡಗಿಗೆ ಹಾಕಬಹುದು, ಜಲಪಾತವನ್ನು ಹಾಕಲಾಗುವುದಿಲ್ಲ. "ಅಲ್ಯೂಮಿನಿಯಂ ಅಂದ್ರ ಗಟ್ಟಿ ಮಾಡಿದ ಕರೆಂಟ ಅವ್ವಾ," ಅಂತ ಅಪ್ಪಾಜಿ ಸಣ್ಣಂದಿನಿಂದ ಹೇಳುತ್ತಿದ್ದರು. ಪಾಠದ ಮಾತು ಅಂತ ಕೇಳಿ ಬಿಟ್ಟಿದ್ದೆ. ಇಲ್ಲಿ ಅದು ಕಣ್ಣೆದುರೇ ಇತ್ತು. ನದಿಗೆ ಮೇಲಿಂದ ಮೇಲೆ ಅಣೆಕಟ್ಟು, ಅದರಾಚೆ ತಂತಿ, ಅದರಾಚೆ ಫ್ಯಾಕ್ಟರಿ.

ಕಾರ್ಖಾನೆಯ ಒಳಗೆ ಹೋಗಲಿಲ್ಲ. ಬೇಲಿಯ ಹೊರಗೆ ನಿಂತು ನೋಡಿದ್ದು ಅಷ್ಟೇ. ಇಲ್ಲೂ ಒಂದು ಅಲ್ಯೂಮಿನಾ ಪ್ಲಾಂಟಿದೆ, 1930ರ ದಶಕದ್ದು. ಅಂದ ಮೇಲೆ ಕೆಂಪು ರಾಡಿಯೂ ಇದೆ. ಬಾಕ್ಸೈಟ್‌ನಿಂದ ಬಿಳಿ ಪುಡಿ ತೆಗೆದ ಮೇಲೆ ಉಳಿಯುವ ಕಬ್ಬಿಣದ ಕೆಂಪಿನ ಕೆಸರು. ಅದನ್ನು ಎಲ್ಲಿ ಹಾಕುವುದು ಅನ್ನುವುದು ಬೆಳಗಾವಿಯಲ್ಲೂ ತಲೆನೋವು, ಇಲ್ಲೂ ತಲೆನೋವು. ಊರ ಮಗ್ಗುಲಲ್ಲೇ ರಾಶಿ ಬೆಳೆಯುತ್ತಿದ್ದರೆ ಜನ ಸುಮ್ನೆ ಇರುತ್ತಾರೆಯೇ? ಅಪ್ಪಾಜಿ ಇದನ್ನು ಕೇಳಿ ಒಂಥರಾ ಸಮಾಧಾನಪಟ್ಟ ಹಾಗಿತ್ತು. ಕೆನಡಾದವರಿಗೂ ಉಪಾಯ ಹೊಳೆದಿಲ್ಲ ಅಂತ ಇರಬೇಕು.

ಹತ್ತಿರದಲ್ಲೇ 1950ರಲ್ಲಿ ಸಾಗೆನೆ ನದಿಗೆ ಕಟ್ಟಿದ ಸೇತುವೆಯಿದೆ. ಪೂರ್ತಿ ಅಲ್ಯೂಮಿನಿಯಂ. ಇಂಥ ರಸ್ತೆ ಸೇತುವೆಗಳಲ್ಲಿ ಜಗತ್ತಿನ ಮೊದಮೊದಲನೆಯದು. ಬೆಳ್ಳಗೆ ಹೊಳೆಯುವ ಕಮಾನು. ಉಕ್ಕಿನದಕ್ಕಿಂತ ಎಷ್ಟೋ ಹಗುರ. ಅಪ್ಪಾಜಿ ಅದರ ಮೇಲೆ ಕಾರು ಹೋಗಿ ಬರುವಂತೆ ಮಾಡಿದರು. ಆಮೇಲೆ ಇಳಿದು, ರಿವೆಟ್‌ಗಳ ಮೇಲೆ ಕೈಯಾಡಿಸಿದರು. ನಮ್ಮ ಇಡೀ ಪ್ರವಾಸದಲ್ಲಿ ಅವರ ಫೋನಿನಲ್ಲಿ ಅತಿ ಹೆಚ್ಚು ಫೋಟೋ ಇರುವುದು ಇದರದ್ದೇ.

ಮರುದಿನ ಸರೋವರ. ಕೊನೆ ಕಾಣದ ನೀರು, ಮರಳು ದಂಡೆ, ಆಡುವ ಮಕ್ಕಳು. ಮೇಲ್ನೋಟಕ್ಕೆ ಸಮುದ್ರವೇ. ಸುತ್ತ 256 ಕಿ.ಮೀ. ಸೈಕಲ್ ದಾರಿ ಮಾಡಿದ್ದಾರೆ. 1955ರಿಂದ ಇಲ್ಲಿ ಸರೋವರ ಈಜಿ ದಾಟುವ ಪಂದ್ಯ ನಡೆಯುತ್ತದೆ, 32 ಕಿ.ಮೀ. ಆದರೆ ಈ ಸರೋವರ ಒಂದು ರೀತಿಯಲ್ಲಿ ಜಲಾಶಯ. ನೀರು ಹೊರಹೋಗುವ ಅಲ್ಮಾ ಊರಿನ ಬಳಿ ಅಣೆಕಟ್ಟು ಕಟ್ಟಿ 1926ರ ಜೂನ್‌ನಲ್ಲಿ ಬಾಗಿಲು ಹಾಕಿದರು. ಮಟ್ಟ ಏರಿತು. ದಂಡೆಯ ರೈತರ ಹೊಲಗಳಿಗೆ ನೀರು ಬಂತು. ಹೇಳದೆ ಕೇಳದೆ. ಒನೆಸಿಮ್ ಟ್ರೆಂಬ್ಲೆ ಎಂಬ ರೈತ ಊರವರನ್ನು ಒಟ್ಟುಗೂಡಿಸಿ ವರ್ಷಗಟ್ಟಲೆ ಹೋರಾಡಿದರು. ನೀರಿನ ಮಟ್ಟ ಇಳಿಯಲಿಲ್ಲ. ಅವರ ಜಮೀನು ಕೈಬಿಟ್ಟು ಹೋಯಿತು. ಈ ಕಡೆಯವರು ಅದನ್ನು ಇವತ್ತಿಗೂ ಸರೋವರದ ದುರಂತ ಅಂತಲೇ ಕರೆಯುತ್ತಾರೆ.

ಎತ್ತರಿಸಿದ ನೀರು ದಂಡೆಯನ್ನು ಕೊರೆಯುತ್ತಾ ಬಂದಿದೆ. ಹಾಗಾಗಿ ಅಲ್ಯೂಮಿನಿಯಂ ಕಂಪನಿ ಹಲವು ಕಡೆ ಮರಳು ತಂದು ಸುರಿದು ಬೀಚು ಉಳಿಸಿಕೊಡಬೇಕು. ಇದನ್ನು ತಿಳಿದ ಮೇಲೆ ಟವೆಲ್ ಹಾಸಿ ಕೂತ ಮರಳನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ. ಇದು ಸರೋವರದ್ದೋ, ಲಾರಿಯದ್ದೋ?

ಮಾಷ್ಟೆವಿಯಾಚ್‌ನ ಮ್ಯೂಸಿಯಂನಲ್ಲಿ ಇನ್ನೊಂದು ಲೆಕ್ಕ ಇದೆ. ರೈತರಿಗಿಂತ ಮೊದಲು ಕಳೆದುಕೊಂಡವರದು. ಬರ್ಚ್ ತೊಗಟೆಯ ದೋಣಿ, ಹಿಮದಲ್ಲಿ ನಡೆಯುವ ಬೂಟು, ಬೇಟೆಗೆ ನದಿಗುಂಟ ಉತ್ತರಕ್ಕೆ ಹೋಗುತ್ತಿದ್ದ ದಾರಿಗಳು. ಅಣೆಕಟ್ಟು, ಮರ ಕಡಿತ ಬಂದ ಮೇಲೆ ಆ ದಾರಿಗಳು ತುಂಡಾದವು. 1960ರಲ್ಲಿ ಇದೇ ಊರಲ್ಲಿ ವಸತಿ ಶಾಲೆ ಶುರುವಾಯಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ಮನೆಮಾತಿನಿಂದ ದೂರ ಇಟ್ಟು ಬೆಳೆಸುವ ಶಾಲೆ. ಮುಚ್ಚಿದ್ದು 1991ರಲ್ಲಿ. ನಾನು ಹುಟ್ಟಿದ ಮೇಲೆ! ಹೊರಗೆ ಬಂದು ದಂಡೆಯ ಬೆಂಚಿನಲ್ಲಿ ಕೂತಾಗ ನಾನು ಅಪ್ಪಾಜಿ ಜೊತೆ ಸ್ವಲ್ಪ ಜೋರಾಗಿಯೇ ವಾದ ಮಾಡಿದೆ. ನಿಮ್ಮ ಕಂಪನಿ ಹೀಗೆಲ್ಲ ಮಾಡಿದೆ ಅಂದೆ. "ಆ ಕಂಪನಿ ಪಗಾರದಾಗನ ನೀ ಇಂಜಿನಿಯರಿಂಗ್ ಓದಿದ್ದು," ಅಂದರು. ಇಬ್ಬರ ಮಾತೂ ಸರಿಯೇ, ಹಾಗಾಗಿ ವಾದ ಮುಗಿಯಲಿಲ್ಲ.

ಊಟದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಸಸ್ಯಾಹಾರಿಗಳಿಗೆ ಅಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ತುರ್ತಿಯೇರ್ ಅಂತ ಇಲ್ಲಿನ ಹೆಸರುವಾಸಿ ತಿಂಡಿ. ಆಳದ ಪಾತ್ರೆಯಲ್ಲಿ ಮಾಂಸದ ತುಂಡು, ಆಲೂಗಡ್ಡೆ ತುಂಬಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಗೂರ್ಗಾನ್ ಅನ್ನುವ ದಪ್ಪ ಕಾಳಿನ ಸೂಪ್ ನೋಡಿ ಅಪ್ಪಾಜಿಗೆ ಖುಷಿಯಾಯಿತು. ಕೇಳಿದರೆ ಅದಕ್ಕೂ ಹಂದಿ ಮಾಂಸ ಹಾಕುತ್ತಾರೆ. ಕೊನೆಗೆ ಗತಿ ಚೀಸ್. ಆ ದಿನದ್ದೇ ಹಸಿ ಚೀಸ್ ಉಂಡೆಗಳು, ಹಲ್ಲಿಗೆ ಸಿಕ್ಕರೆ ಕಿರ್ ಕಿರ್ ಅನ್ನುತ್ತವೆ. ಜೊತೆಗೆ ಮನೆಯಿಂದ ತಂದ ಶೇಂಗಾ ಚಟ್ನಿ ಪುಡಿ. ಹೊಂದಾಣಿಕೆ ಕೆಟ್ಟದೇನೂ ಆಗಿರಲಿಲ್ಲ.

ಬ್ಲೂಬೆರಿ ಮಾತ್ರ ಬೇರೆ ಮಾತು. ಆಗಸ್ಟ್ ಅಂದರೆ ಅದರ ಸುಗ್ಗಿ. ರಸ್ತೆ ಬದಿ ಬುಟ್ಟಿಗಳಲ್ಲಿ ಮಾರುತ್ತಾರೆ. ಅಂಗಡಿಯಲ್ಲಿ ಸಿಗುವ ದಪ್ಪ ಹಣ್ಣಲ್ಲ. ಕಾಡು ಜಾತಿ, ಮೆಣಸಿನ ಕಾಳಿಗಿಂತ ಕೊಂಚ ದೊಡ್ಡದು, ರುಚಿ ನಾಲ್ಕು ಪಟ್ಟು. ಗಿಡ ಮೊಣಕಾಲೆತ್ತರವೂ ಇಲ್ಲ. ಈ ಹಣ್ಣಿಗೂ ಬೆಂಕಿಗೂ ನಂಟಿದೆ. 1870ರ ಮೇ 19ರಂದು ಎದ್ದ ಕಾಳ್ಗಿಚ್ಚು ಸರೋವರದ ಪಶ್ಚಿಮದಿಂದ ಫ್ಯೋರ್ಡ್ ಕಡೆಯವರೆಗೆ ಗಂಟೆಗಳಲ್ಲಿ ಓಡಿತು. ಮನೆ ಮಠ ಸುಟ್ಟು ಹೋದವು. ಸುಟ್ಟ ನೆಲದಲ್ಲಿ ಬಿಸಿಲು ಬಿದ್ದು, ನೆಲದೊಳಗೆ ಉಳಿದಿದ್ದ ಬೇರಿನಿಂದ ಬ್ಲೂಬೆರಿ ಎದ್ದಿತು. ಮುಂದೆ ಅದೇ ಜೀವನಕ್ಕೆ ಆಧಾರವಾಯಿತು. ಸರೋವರದ ಸುತ್ತಲಿನವರಿಗೆ ಬ್ಲೂಬೆರಿಗಳು ಅಂತಲೇ ಅಡ್ಡಹೆಸರಿದೆ. ಬೈದರೂ ಹಾಗೇ, ಹೊಗಳಿದರೂ ಹಾಗೇ. ಮಿಸ್ತಾಸಿನಿಯ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ತಾಜಾ ಹಣ್ಣಿಗೆ ಚಾಕೊಲೇಟ್ ಲೇಪಿಸಿ ಮಾರುತ್ತಾರೆ. ಸುಗ್ಗಿ ಮುಗಿದರೆ ಅದೂ ಮುಗಿಯಿತು.

ಈ ಕಾಡಿಗೆ ಬೆಂಕಿ ಹೊಸದಲ್ಲ. ಜ್ಯಾಕ್ ಪೈನ್ ಮರದ ಕಾಯಿಗಳು ಮೇಣದಿಂದ ಅಂಟಿಕೊಂಡಿರುತ್ತವೆ, ಬೆಂಕಿಯ ಬಿಸಿ ತಾಗಿದರೆ ತೆರೆದು ಬೀಜ ಉದುರಿಸುತ್ತವೆ. ಕಪ್ಪು ಸ್ಪ್ರೂಸ್ ಕೂಡ ಹೆಚ್ಚುಕಡಿಮೆ ಹಾಗೇ. ಆದರೆ ಬೀಜ ಕಟ್ಟುವ ವಯಸ್ಸಿಗೆ ಮರ ಬರುವ ಮೊದಲೇ ಮತ್ತೆ ಬೆಂಕಿ ಬಂದರೆ? 2023ರ ಜೂನ್‌ನಲ್ಲಿ ಉತ್ತರದ ಶಿಬೂಗಮೌ ಪಟ್ಟಣವನ್ನೇ ಖಾಲಿ ಮಾಡಿಸಿದರು. ಏಳು ಸಾವಿರಕ್ಕೂ ಹೆಚ್ಚು ಜನ ರಾತ್ರೋರಾತ್ರಿ ಕಾಡಿನ ದಾರಿಯಲ್ಲಿ ಈ ಸರೋವರದ ಕಡೆ ಬಂದರು. ಆಗ ಮಾಂಟ್ರಿಯಲ್‌ನಲ್ಲೂ ಹೊಗೆ. ನಾವು ಕಿಟಕಿ ಮುಚ್ಚಿಕೊಂಡು ಕೂತಿದ್ದೆವು.

ಕೊನೆಗೆ ಫ್ಯೋರ್ಡ್. ದೋಣಿಯಲ್ಲಿ ಹೋಗುವಾಗ ಎರಡೂ ಕಡೆ ಬಂಡೆಗಳು ನೀರಿನಿಂದ ನೇರ ಮೇಲೆದ್ದಿರುತ್ತವೆ. ಟ್ರಿನಿಟೆ ಬಂಡೆಯ ಮೆಟ್ಟಿಲಿನಂಥ ಒಂದು ಹಂತದಲ್ಲಿ, ಬಹಳ ಮೇಲೆ, ಬಿಳಿ ಮೇರಿಯ ಪ್ರತಿಮೆ. ಸುಮಾರು ಒಂಬತ್ತು ಮೀಟರ್ ಎತ್ತರ. ಪೈನ್ ಮರದಲ್ಲಿ ಕೆತ್ತಿ ಮೇಲೆ ಸೀಸದ ತಗಡು ಹೊದಿಸಿದ್ದು. ಊರೂರು ಸುತ್ತಿ ಮಾಲು ಮಾರುವ ವ್ಯಾಪಾರಿಯೊಬ್ಬರು, ಷಾರ್ಲ್-ನಪೋಲಿಯನ್ ರೋಬಿಟೈ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಾಗೆನೆಯ ಮೇಲೆ ಬರುವಾಗ ಐಸ್ ಒಡೆದು ನೀರಿಗೆ ಬಿದ್ದರು. ಬದುಕಿ ಬಂದದ್ದಕ್ಕೆ ಹರಕೆ ತೀರಿಸಿದ್ದು ಇದು. ಲೂಯಿ ಜೋಬಾಂ ಕೆತ್ತಿದರು, 1881ರಲ್ಲಿ ತುಂಡು ತುಂಡಾಗಿ ಮೇಲೇರಿಸಿ ನಿಲ್ಲಿಸಿದರು. ದೋಣಿ ಅಲ್ಲಿ ನಿಂತು ಸ್ಪೀಕರಿನಲ್ಲಿ ಭಕ್ತಿಗೀತೆ ಹಾಕುತ್ತದೆ. ನನಗೆ ಅದು ಕಿರಿಕಿರಿ. ಅಪ್ಪಾಜಿ ಮಾತ್ರ ಟೋಪಿ ತೆಗೆದು ಕೈ ಮುಗಿದರು. ಹರಕೆ ಅಂದರೆ ಹರಕೆ, ಯಾರದಾದರೇನು.

ಫ್ಯೋರ್ಡ್‌ನ ಬಾಯಿಯಲ್ಲಿರುವ ಟಾಡುಸಾಕ್ ಊರಿನ ಹತ್ತಿರ ಬೆಲೂಗಾ ತಿಮಿಂಗಿಲಗಳು ಕಂಡವು. ಪೂರ್ತಿ ಬಿಳಿ ಬೆನ್ನು, ಒಂದಾದ ಮೇಲೊಂದು ಎದ್ದು ಮುಳುಗುತ್ತಿದ್ದವು. ನಡುವೆ ಒಂದು ಬೂದು ಮರಿ. ಹುಟ್ಟುವಾಗ ಬೂದು, ಬೆಳೆದಂತೆ ಬಿಳಿಯಾಗುತ್ತವೆ. ದೋಣಿಗಳು 400 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಹೀಗಾಗಿ ಬೈನಾಕ್ಯುಲರ್ ಬೇಕೇ ಬೇಕು. ಒಂದು ಕಾಲಕ್ಕೆ ಸೇಂಟ್ ಲಾರೆನ್ಸ್‌ನಲ್ಲಿ ಇವು ಹತ್ತು ಸಾವಿರದಷ್ಟಿದ್ದವು ಅಂತ ಅಂದಾಜು. ಮೀನೆಲ್ಲ ಇವೇ ತಿನ್ನುತ್ತವೆ ಅಂತ ಸರಕಾರವೇ ಕೊಲ್ಲಲು ಇನಾಮು ಕೊಟ್ಟಿತ್ತು. ವಿಮಾನದಿಂದ ಬಾಂಬು ಕೂಡ ಹಾಕಿದರು. ಬೇಟೆಗೆ ಪೂರ್ತಿ ನಿಷೇಧ ಬಂದದ್ದು 1979ರಲ್ಲಿ. ಆದರೂ ಸಂಖ್ಯೆ ಹೆಚ್ಚಲಿಲ್ಲ. ಸತ್ತು ದಡಕ್ಕೆ ಬಂದವುಗಳಲ್ಲಿ ಕ್ಯಾನ್ಸರ್ ಬಹಳ ಕಂಡಿತು. ಅನುಮಾನ ಹೋದದ್ದು ಅಲ್ಯೂಮಿನಿಯಂ ಕಾರ್ಖಾನೆಗಳ ಕಡೆಗೆ.

ಇದನ್ನು ಅಪ್ಪಾಜಿಗೆ ಹೇಳಲೋ ಬೇಡವೋ ಅಂದುಕೊಂಡೇ ಹೇಳಿದೆ. ಅವರು ತಡ ಮಾಡದೆ, "ಸೋಡರ್‌ಬರ್ಗ್ ಇದ್ದಿರಬೇಕು," ಅಂದರು. ಅದೊಂದು ಹಳೆ ವಿಧಾನ. ಡಾಂಬರಿನಂಥ ಪಿಚ್ ಮತ್ತು ಕೋಕ್ ಕಲಸಿದ ಮುದ್ದೆಯನ್ನು ನೇರ ಕುಲುಮೆಯ ಮೇಲೇ ಸುರಿಯುತ್ತಾರೆ, ಅಲ್ಲೇ ಅದು ಬೆಂದು ಗಟ್ಟಿಯಾಗುತ್ತದೆ. ಬೇಯುವಾಗ ಹೊಗೆ ಹೊರಬರುತ್ತದೆ. ಕ್ಯಾನ್ಸರ್ ತರುವ ವಸ್ತುಗಳಿರುವುದು ಆ ಹೊಗೆಯಲ್ಲಿ. ಮೊದಲೇ ಬೇರೆ ಕಡೆ ಬೇಯಿಸಿ ತಂದ ಬ್ಲಾಕ್ ಬಳಸಿದರೆ ಹೊಗೆಯನ್ನು ಹಿಡಿದಿಡಬಹುದು. ಇಲ್ಲಿ ಕ್ರಮೇಣ ಆ ವಿಧಾನಕ್ಕೆ ಬದಲಾಯಿಸಿದರು. ಆಮೇಲೆ ಹುಟ್ಟಿದ ಬೆಲೂಗಾಗಳಲ್ಲಿ ಕ್ಯಾನ್ಸರ್ ಕಾಣುವುದು ಕಡಿಮೆಯಾಯಿತು. ಈಗಿನ ಚಿಂತೆ ಹಡಗಿನ ಸದ್ದಿನದು, ಮರಿಗಳು ಸಾಯುವುದರದು. 2021ರಲ್ಲಿ ಸಾಗೆನೆಯಲ್ಲಿ ದ್ರವೀಕೃತ ನೈಸರ್ಗಿಕ ಅನಿಲದ ದೊಡ್ಡ ಯೋಜನೆಯೊಂದನ್ನು ಕ್ವಿಬೆಕ್ ಸರಕಾರ ತಿರಸ್ಕರಿಸಿತು. ಅದರ ಚರ್ಚೆಯಲ್ಲಿ ಬೆಲೂಗಾಗಳೂ ಇದ್ದವು. ಕೆಲಸ ಸಿಗುತ್ತಿತ್ತು ಅಂತ ಬೇಜಾರಾದವರೂ ಈ ಕಡೆ ಇದ್ದಾರೆ.

ಹಿಂತಿರುಗಲು ಟಾಡುಸಾಕ್‌ನಲ್ಲಿ ಫೆರ್ರಿ ಹಿಡಿಯಬೇಕು. ಫ್ಯೋರ್ಡ್‌ನ ಬಾಯಿಗೆ ಸೇತುವೆ ಇಲ್ಲ, ಹೆದ್ದಾರಿ ಒಂದು ದಡದಲ್ಲಿ ನಿಂತು ಇನ್ನೊಂದು ದಡದಲ್ಲಿ ಮುಂದುವರಿಯುತ್ತದೆ. ಫೆರ್ರಿ ಪುಕ್ಕಟೆ, ಹಗಲು ರಾತ್ರಿ ಓಡುತ್ತದೆ, ದಾಟಲು ಹತ್ತು ನಿಮಿಷ. ಆದರೆ ಆಗಸ್ಟ್‌ನಲ್ಲಿ ಸಾಲು ಉದ್ದ. ಸೇತುವೆ ಬೇಕು ಅಂತ ದಶಕಗಳಿಂದ ಒಂದು ಬಣ, ಬೇಡ ಅಂತ ಇನ್ನೊಂದು. ನನ್ನ ಗಂಡ ಬೇಡದ ಪರ. ಸೇತುವೆ ಬಂದರೆ ಟ್ರಕ್ಕು ಹೆಚ್ಚುತ್ತವೆ, ಜಾಗ ಕೆಡುತ್ತದೆ ಅಂದ. ಅಪ್ಪಾಜಿ ಸಾಲಿನಲ್ಲಿ ನಿಂತಿದ್ದ ಆಂಬುಲೆನ್ಸ್ ತೋರಿಸಿದರು. "ಅಳಿಯಾರ, ಇದಕ್ಕ ಏನ್ ಹೇಳ್ತೀರಿ?" ಆಂಬುಲೆನ್ಸ್‌ಗೆ ಮೊದಲು ದಾರಿ ಬಿಡುತ್ತಾರೆ, ನಿಜ. ಹಾಗಂದರೂ ಅವರು ಒಪ್ಪಲಿಲ್ಲ. ದಡ ಮುಟ್ಟುವ ತನಕ ವಾದ ನಡೆಯಿತು. ಕಾರಿಗೆ ಹತ್ತುವಾಗ ಅಪ್ಪಾಜಿ ಸ್ವಲ್ಪ ಬಿಟ್ಟುಕೊಟ್ಟರು: ಕಟ್ಟುವುದಾದರೆ ಅಲ್ಯೂಮಿನಿಯಂದೇ ಕಟ್ಟಲಿ, ಭಾರ ಕಡಿಮೆ.